ಪುಲ್ ಮಾಡಿದ ಕೂಡಲೇ ಎಡಿಟರ್ ಕೆಟ್ಟರೆ: ಹಂಚಿಕೊಂಡ ಪ್ರಾಜೆಕ್ಟಿನಲ್ಲಿ ದೋಷ ಹುಡುಕುವ ದಾರಿ

"ಸರ್, ಬೆಳಿಗ್ಗೆ ಪುಲ್ ಮಾಡ್ದೆ. ಈಗ ಪ್ರಾಜೆಕ್ಟ್ ರನ್ನೇ ಆಗ್ತಿಲ್ಲ. ನಾನೇನೂ ಮುಟ್ಟಿಲ್ಲ ಸರ್."

ಮಂಡ್ಯದಿಂದ ಬಂದ ಫೋನು. ಪುಲ್ ಅಂದರೆ ತಂಡದವರು ಗಿಟ್‌ಗೆ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಸೇರಿಸಿದ್ದನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು. ಆ ಹುಡುಗಿ ನಮ್ಮ ತಂಡಕ್ಕೆ ಸೇರಿ ಇನ್ನೂ ಒಂದು ವಾರ ಆಗಿರಲಿಲ್ಲ. ದನಿಯಲ್ಲಿ ಭಯ ಇತ್ತು. ತಾನೇ ಏನೋ ಕೆಡಿಸಿಬಿಟ್ಟೆ ಅಂದುಕೊಂಡಿದ್ದಳು. ಆದರೆ ಅವಳು ನಿಜವಾಗಿಯೂ ಏನನ್ನೂ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ನಾನು ಮಾಡಿದ ಕಮಿಟ್‌ನಲ್ಲಿ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳ ಕಟ್ಟು) ನನ್ನ ಎಡಿಟರ್‌ನ (ಕೋಡ್ ಬರೆಯುವ ತಂತ್ರಾಂಶ) ಫೈಲುಗಳೂ ಸೇರಿಹೋಗಿದ್ದವು. ನನ್ನ ಲ್ಯಾಪ್‌ಟಾಪಿನ ಸಿ ಡ್ರೈವಿನಲ್ಲಿ ಪೈಥಾನ್ ಎಲ್ಲಿದೆ ಅನ್ನುವ ವಿಳಾಸ 45 ಕಿಲೋಮೀಟರ್ ದಾಟಿ ಅವಳ ಉಬುಂಟು ಲ್ಯಾಪ್‌ಟಾಪಿಗೆ ಹೋಗಿ ಕೂತಿತ್ತು. ಅಲ್ಲಿ ಸಿ ಡ್ರೈವೇ ಇಲ್ಲವಲ್ಲ.

ನಮ್ಮದು ಐದು ಜನರ ತಂಡ. ಆಲೆಮನೆಗಳಿಗೆ ಕಬ್ಬಿನ ತೂಕ, ರೈತರಿಗೆ ಕೊಟ್ಟ ಮುಂಗಡ, ಬೆಲ್ಲದ ಲೆಕ್ಕ ಇಡುವ ತಂತ್ರಾಂಶ ಮಾಡುತ್ತೇವೆ. ಮೂವರು ಮೈಸೂರಿನಲ್ಲಿ, ಇಬ್ಬರು ಮಂಡ್ಯದಲ್ಲಿ ಮನೆಯಿಂದಲೇ. ಇಬ್ಬರ ಹತ್ತಿರ ಪೈಚಾರ್ಮ್, ಇಬ್ಬರ ಹತ್ತಿರ ವಿಎಸ್ ಕೋಡ್, ಒಬ್ಬರು ವಿಮ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ವಿಂಡೋಸ್, ಉಬುಂಟು, ಮ್ಯಾಕ್ ಮೂರೂ ಇವೆ. ಹೀಗಿರುವಾಗ ಎಡಿಟರ್ ಫೈಲುಗಳಿಂದ ಬರಬಹುದಾದ ತೊಂದರೆಗಳಲ್ಲಿ ಹೆಚ್ಚಿನವು ನಮಗೆ ಬಂದಿವೆ. ಅವನ್ನು ಲಕ್ಷಣದ ಪ್ರಕಾರ ಬರೆಯುತ್ತಿದ್ದೇನೆ. ನಿಮಗೆ ಯಾವ ಲಕ್ಷಣ ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಮೊದಲ ಭಾಗವನ್ನು ಮಾತ್ರ ದಯವಿಟ್ಟು ಓದಿ. ಕಮಾಂಡ್‌ಗಳನ್ನೂ ಫೈಲಿನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು, ಈ ಫೈಲು ಯಾರದ್ದು?

ಆಲೆಮನೆಯಲ್ಲಿ ಗಾಣ, ಕೊಪ್ಪರಿಗೆ ಎಲ್ಲರ ಕೆಲಸದ್ದು. ಹೆಗಲ ಮೇಲಿನ ಟವೆಲ್ ಅವರವರದ್ದು. ಎಡಿಟರ್ ಮಾಡುವ ಫೈಲುಗಳೂ ಹೀಗೇ ಎರಡು ಬಗೆ. ತೊಂದರೆ ಏನೆಂದರೆ ಎಡಿಟರ್ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿಬಿಡುತ್ತದೆ.

ಪೈಚಾರ್ಮ್, ಇಂಟೆಲಿಜೆ, ಆಂಡ್ರಾಯ್ಡ್ ಸ್ಟುಡಿಯೋ ಬಳಸಿದರೆ ಪ್ರಾಜೆಕ್ಟಿನೊಳಗೆ '.ಐಡಿಯಾ' ಅನ್ನುವ ಫೋಲ್ಡರ್ ಹುಟ್ಟುತ್ತದೆ. ಅದರಲ್ಲಿ 'ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್' ಪೂರ್ತಿ ನಿಮ್ಮದು. ಯಾವ ಫೈಲು ತೆರೆದಿದೆ, ಕೊನೆಗೆ ಏನು ರನ್ ಮಾಡಿದಿರಿ, ಇಂಥವೆಲ್ಲ ಅದರೊಳಗೆ. 'ಟಾಸ್ಕ್ಸ್.ಎಕ್ಸ್‌ಎಂಎಲ್', 'ಶೆಲ್ಫ್' ಫೋಲ್ಡರ್ ಕೂಡ ನಿಮ್ಮವೇ. ಆದರೆ 'ಕೋಡ್‌ಸ್ಟೈಲ್ಸ್', 'ಇನ್‌ಸ್ಪೆಕ್ಷನ್‌ಪ್ರೊಫೈಲ್ಸ್', 'ರನ್‌ಕಾನ್ಫಿಗರೇಷನ್ಸ್' ತಂಡಕ್ಕೆ ಉಪಯೋಗ ಆಗುವಂಥವು. ವಿಎಸ್ ಕೋಡ್‌ನ '.ವಿಎಸ್‌ಕೋಡ್' ಫೋಲ್ಡರಿನಲ್ಲಿ ಸಾಮಾನ್ಯವಾಗಿ ನಾಲ್ಕು ಫೈಲು ಇರುತ್ತವೆ: ಸೆಟ್ಟಿಂಗ್ಸ್, ಲಾಂಚ್, ಟಾಸ್ಕ್ಸ್, ಎಕ್ಸ್‌ಟೆನ್ಶನ್ಸ್. ನಾಲ್ಕೂ ಜೇಸನ್. ಇವು ಹಂಚಿಕೊಳ್ಳಲೆಂದೇ ಇರುವಂಥವು. ಆದರೆ ಅವುಗಳ ಒಳಗೆ ಸ್ವಂತ ವಿಷಯ ನುಸುಳುವುದು ಬಹಳ ಸುಲಭ. ವಿಷುವಲ್ ಸ್ಟುಡಿಯೋದಲ್ಲಿ '.ಎಸ್‌ಎಲ್‌ಎನ್' ತಂಡದ್ದು, '.ಎಸ್‌ಯುಒ' ಮತ್ತು '.ವಿಎಸ್' ಫೋಲ್ಡರ್ ನಿಮ್ಮದು. ವಿಮ್‌ನ '.ಎಸ್‌ಡಬ್ಲ್ಯುಪಿ', ಮ್ಯಾಕ್‌ನ '.ಡಿಎಸ್_ಸ್ಟೋರ್' ಯಾವತ್ತೂ ರೆಪೊಗೆ (ತಂಡ ಹಂಚಿಕೊಂಡ ಗಿಟ್ ಸಂಗ್ರಹ) ಬರಬಾರದು.

ಆದ್ದರಿಂದ ಯಾವ ದೋಷ ಬಂದರೂ ಮೊದಲ ಪ್ರಶ್ನೆ ಇದೇ ಆಗಿರಲಿ: ಈ ಸಾಲು ಪ್ರಾಜೆಕ್ಟಿನ ಬಗ್ಗೆ ಹೇಳುತ್ತಿದೆಯಾ, ಒಬ್ಬರ ಯಂತ್ರದ ಬಗ್ಗೆ ಹೇಳುತ್ತಿದೆಯಾ? ಫೈಲು ಅಂತ ಅಲ್ಲ, ಸಾಲು ಅಂತ ಹೇಳುತ್ತಿದ್ದೇನೆ. ಇದನ್ನು ಕೇಳಿಕೊಳ್ಳದೆ ಸಿಟ್ಟಿನಲ್ಲಿ ಇಡೀ ಫೋಲ್ಡರನ್ನು ಅಳಿಸಿದರೆ ಒಂದು ದೋಷ ಹೋಗಿ ಎರಡು ಬರುತ್ತವೆ. ನಾವು ಹಾಗೆ ಅಳಿಸಿ ಒಂದು ದಿನ ಕಳೆದುಕೊಂಡಿದ್ದೇವೆ.

ಏನೂ ಮಾಡದಿದ್ದರೂ 'ಬದಲಾಗಿದೆ' ಅಂತ ಬರುತ್ತಿದೆ

ಎಡಿಟರ್ ತೆಗೆದು ಮುಚ್ಚಿದಿರಿ, ಅಷ್ಟೇ. ಗಿಟ್ ಸ್ಟೇಟಸ್ ಹೊಡೆದರೆ ವರ್ಕ್‌ಸ್ಪೇಸ್ ಫೈಲು ಬದಲಾಗಿದೆ ಅನ್ನುತ್ತದೆ. ಇದರ ಅರ್ಥ ಒಂದೇ. ಸ್ವಂತ ಫೈಲೊಂದನ್ನು ಯಾರೋ ಯಾವತ್ತೋ ಕಮಿಟ್ ಮಾಡಿದ್ದಾರೆ, ಗಿಟ್ ಅದನ್ನು ಟ್ರ್ಯಾಕ್ ಮಾಡುತ್ತಿದೆ, ಅಂದರೆ ಅದರ ಬದಲಾವಣೆಗಳನ್ನು ಗಮನಿಸುತ್ತಿದೆ. ಪುಲ್ ಮಾಡುವಾಗ ಅದೇ ಫೈಲಿನಲ್ಲಿ ಪದೇ ಪದೇ ಕಾನ್‌ಫ್ಲಿಕ್ಟ್ (ಇಬ್ಬರ ಬದಲಾವಣೆ ಒಂದಕ್ಕೊಂದು ಹೊಂದದಿರುವುದು) ಬಂದರೂ ಕಾರಣ ಇದೇ. ಖಚಿತ ಮಾಡಿಕೊಳ್ಳಲು ಇದನ್ನು ಹೊಡೆಯಿರಿ:

ಗಿಟ್ ಎಲ್‌ಎಸ್-ಫೈಲ್ಸ್ .ಐಡಿಯಾ .ವಿಎಸ್‌ಕೋಡ್

ಇಲ್ಲಿ ಬಂದ ಹೆಸರೆಲ್ಲ ಟ್ರ್ಯಾಕ್ ಆಗಿರುವ ಫೈಲು. ಯಾವಾಗ ಸೇರಿತು ನೋಡಬೇಕಾದರೆ:

ಗಿಟ್ ಲಾಗ್ --ಡಿಫ್-ಫಿಲ್ಟರ್=ಎ -- .ಐಡಿಯಾ/ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್

ಇದರಲ್ಲಿ ಸೇರಿಸಿದವರ ಹೆಸರೂ ಬರುತ್ತದೆ. ಆ ಹೆಸರನ್ನು ಗ್ರೂಪಿನಲ್ಲಿ ಹಾಕಬೇಡಿ. 'ಗಿಟ್ ಆ್ಯಡ್' ಆದಮೇಲೆ ಚುಕ್ಕಿ ಹಾಕಿ ಎಲ್ಲವನ್ನೂ ಸೇರಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ನಮ್ಮಲ್ಲಿ ಬಂದದ್ದು ನನ್ನದೇ ಹೆಸರು. ನಿಮಗೆ ಬೇಕಾದದ್ದು ತಾರೀಕು ಮಾತ್ರ. ಆ ತಾರೀಕಿನ ಆಸುಪಾಸಿನ ಕಮಿಟ್‌ಗಳಲ್ಲಿ ಇಂಥ ಬೇರೆ ಫೈಲುಗಳೂ ಸೇರಿರುತ್ತವೆ, ಅವೂ ಒಟ್ಟಿಗೆ ಸಿಗುತ್ತವೆ.

ಗಿಟ್‌ಇಗ್ನೋರ್‌ಗೆ ಸೇರಿಸಿದೆ, ಆದರೂ ಕೇಳುತ್ತಿಲ್ಲ

ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ ಇದು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗಿಟ್ ಯಾವ ಫೈಲುಗಳನ್ನು ಬಿಟ್ಟುಬಿಡಬೇಕು ಅಂತ ಬರೆದಿಡುವ ಗಿಟ್‌ಇಗ್ನೋರ್ ಫೈಲು ಹೊಸ ಫೈಲುಗಳಿಗೆ ಮಾತ್ರ ಬಾಗಿಲು ಹಾಕುತ್ತದೆ. ಒಳಗೆ ಬಂದು ಕೂತಿರುವ ಫೈಲನ್ನು ಎಬ್ಬಿಸಿ ಕಳಿಸುವುದಿಲ್ಲ. ಒಮ್ಮೆ ಟ್ರ್ಯಾಕ್ ಆದ ಫೈಲಿಗೆ ಇಗ್ನೋರ್ ನಿಯಮ ಹತ್ತುವುದೇ ಇಲ್ಲ. ನಿಯಮಕ್ಕೆ ಸಿಗಬೇಕಾಗಿದ್ದರೂ ಟ್ರ್ಯಾಕ್ ಆಗಿ ಉಳಿದಿರುವ ಫೈಲುಗಳ ಪಟ್ಟಿ ಗಿಟ್ಟೇ ಕೊಡುತ್ತದೆ:

ಗಿಟ್ ಎಲ್‌ಎಸ್-ಫೈಲ್ಸ್ -ಸಿ -ಐ --ಎಕ್ಸ್‌ಕ್ಲೂಡ್-ಸ್ಟ್ಯಾಂಡರ್ಡ್

ಪಟ್ಟಿ ಬಂದರೆ ರೋಗ ಸಿಕ್ಕಿತು, ಮುಂದಿನ ಭಾಗಕ್ಕೆ ಹೋಗಿ. ಪಟ್ಟಿ ಖಾಲಿ ಬಂದು, ಫೈಲು ಇನ್ನೂ ಸ್ಟೇಟಸ್‌ನಲ್ಲಿ ಹೊಸ ಫೈಲಾಗಿ ಕಾಣುತ್ತಿದ್ದರೆ, ನಿಮ್ಮ ನಿಯಮವೇ ತಪ್ಪಿದೆ. ಆಗ ಇದನ್ನು ಹೊಡೆಯಿರಿ:

ಗಿಟ್ ಚೆಕ್-ಇಗ್ನೋರ್ -ವಿ .ವಿಎಸ್‌ಕೋಡ್/ಸೆಟ್ಟಿಂಗ್ಸ್.ಜೇಸನ್

ಯಾವ ಇಗ್ನೋರ್ ಫೈಲಿನ ಎಷ್ಟನೇ ಸಾಲಿನ ಯಾವ ನಿಯಮ ಹತ್ತಿತು ಅನ್ನುವುದನ್ನು ಇದು ತೋರಿಸುತ್ತದೆ. ಏನೂ ಬರದಿದ್ದರೆ ಯಾವ ನಿಯಮವೂ ಹತ್ತಿಲ್ಲ. ಒಂದು ಎಚ್ಚರ. ಟ್ರ್ಯಾಕ್ ಆಗಿರುವ ಫೈಲಿಗೆ ಈ ಕಮಾಂಡ್ ಸುಮ್ನೆ ಇರುತ್ತದೆ. ಅಂಥ ಫೈಲಿಗೂ ನಿಯಮ ಹತ್ತುತ್ತಿತ್ತಾ ನೋಡಬೇಕಾದರೆ '--ನೋ-ಇಂಡೆಕ್ಸ್' ಸೇರಿಸಿ ಕೇಳಬೇಕು.

ನಿಯಮ ಹತ್ತದಿರಲು ನಾವು ಕಂಡ ಕಾರಣಗಳು ಬಹಳ ಸಣ್ಣವು, ಆದರೆ ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಉಳಿಸಿದಾಗ ಹೆಸರಿನ ಕೊನೆಗೆ '.ಟಿಎಕ್ಸ್‌ಟಿ' ಅಂಟಿಕೊಂಡಿತ್ತು. ಫೈಲಿನ ಹೆಸರಿನ ಬಾಲ ಅಡಗಿಸುವ ಸೆಟ್ಟಿಂಗ್ ಇದ್ದದ್ದರಿಂದ ಅದು ಕಾಣಲಿಲ್ಲ. ಇನ್ನೊಮ್ಮೆ, ನಿಯಮದ ಸಾಲಿನ ಕೊನೆಯಲ್ಲೇ ಹ್ಯಾಶ್ ಗುರುತು ಹಾಕಿ ವಿವರಣೆ ಬರೆದಿದ್ದರು. ಗಿಟ್‌ಇಗ್ನೋರ್‌ನಲ್ಲಿ ಹ್ಯಾಶ್ ಸಾಲಿನ ಮೊದಲಲ್ಲಿದ್ದರೆ ಮಾತ್ರ ವಿವರಣೆ. ಕೊನೆಯಲ್ಲಿ ಬರೆದರೆ ಅದೂ ಫೈಲಿನ ಹೆಸರಿನ ಭಾಗ ಆಗುತ್ತದೆ. ಮೂರನೆಯದನ್ನು ಹುಡುಕಲು ನಮಗೆ ಅರ್ಧ ದಿನ ಬೇಕಾಯಿತು. ವಿಂಡೋಸ್ ಜೊತೆ ಬರುವ ಹಳೆಯ ಪವರ್‌ಶೆಲ್ 5.1ರಲ್ಲಿ 'ಎಕೋ' ಬರೆದು ಬಾಣದ ಗುರುತಿನಿಂದ ಫೈಲು ಮಾಡಿದರೆ ಅದು ಯುಟಿಎಫ್-16 ಅನ್ನುವ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಉಳಿಸುವ ರೀತಿ) ಉಳಿಯುತ್ತದೆ. ನಮ್ಮ ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ. ಗಿಟ್‌ಗೆ ಮಾತ್ರ ಒಂದು ನಿಯಮವೂ ಅರ್ಥ ಆಗುವುದಿಲ್ಲ. ಎಡಿಟರ್‌ನ ಕೆಳಗಿನ ಪಟ್ಟಿಯಲ್ಲಿ ಎನ್‌ಕೋಡಿಂಗ್ ನೋಡಿ ಯುಟಿಎಫ್-8ಕ್ಕೆ ಬದಲಿಸಿದರೆ ಮುಗಿಯಿತು.

ಟ್ರ್ಯಾಕ್ ಆಗಿರುವುದನ್ನು ತೆಗೆಯುವ ದಿನ

ತೆಗೆಯುವ ಕಮಾಂಡ್ ಸಣ್ಣದು:

ಗಿಟ್ ಆರ್‌ಎಂ --ಕ್ಯಾಶ್ಡ್ .ಐಡಿಯಾ/ವರ್ಕ್‌ಸ್ಪೇಸ್.ಎಕ್ಸ್‌ಎಂಎಲ್

'ಕ್ಯಾಶ್ಡ್' ಇರುವುದರಿಂದ ನಿಮ್ಮ ಡಿಸ್ಕಿನಲ್ಲಿ ಫೈಲು ಉಳಿಯುತ್ತದೆ. ಗಿಟ್‌ನ ಲೆಕ್ಕದಿಂದ ಮಾತ್ರ ಹೋಗುತ್ತದೆ. ಇಗ್ನೋರ್ ನಿಯಮವನ್ನೂ ಸೇರಿಸಿ ಒಟ್ಟಿಗೆ ಕಮಿಟ್ ಮಾಡಿ. ಎಲ್ಲ ಕಡೆ ಇಷ್ಟೇ ಬರೆದಿರುತ್ತಾರೆ.

ಆದರೆ ಫೈಲು ಉಳಿಯುವುದು ನಿಮ್ಮ ಡಿಸ್ಕಿನಲ್ಲಿ ಮಾತ್ರ. ನಿಮ್ಮ ಕಮಿಟ್ ಅನ್ನು ಬೇರೆಯವರು ಪುಲ್ ಮಾಡಿದಾಗ ಗಿಟ್ ಅದನ್ನು 'ಈ ಫೈಲನ್ನು ಅಳಿಸಲಾಗಿದೆ' ಅಂತಲೇ ಓದುತ್ತದೆ. ಅವರ ಡಿಸ್ಕಿನಿಂದ ಫೈಲು ನಿಜವಾಗಿಯೇ ಹೋಗುತ್ತದೆ. ಪೈಚಾರ್ಮ್‌ನಲ್ಲಿ ಹಂಚಿಕೊಳ್ಳದ ರನ್ ಕಾನ್ಫಿಗರೇಷನ್‌ಗಳು (ಪ್ರೋಗ್ರಾಂ ಹೇಗೆ ರನ್ ಆಗಬೇಕು ಅನ್ನುವ ಸೆಟ್ಟಿಂಗ್‌ಗಳು) ಇರುವುದು ಇದೇ ವರ್ಕ್‌ಸ್ಪೇಸ್ ಫೈಲಿನಲ್ಲಿ. ಒಬ್ಬರು ತಿಂಗಳುಗಟ್ಟಲೆ ಹೊಂದಿಸಿಕೊಂಡದ್ದು ಒಂದು ಪುಲ್‌ನಲ್ಲಿ ಮಾಯ ಆಗುತ್ತದೆ. ಆಗ ಅವರಿಗೆ ಬರುವ ಬೇಸರ ನ್ಯಾಯವಾದದ್ದು.

ಅದಕ್ಕೇ ನಾವು ಈಗ ಹೀಗೆ ಮಾಡುತ್ತೇವೆ. ಹಿಂದಿನ ದಿನವೇ ಗ್ರೂಪಿನಲ್ಲಿ ಹೇಳುತ್ತೇವೆ: ನಾಳೆ ಪುಲ್ ಮಾಡುವ ಮೊದಲು ಎಡಿಟರ್ ಮುಚ್ಚಿ, ಈ ಫೈಲನ್ನು ರೆಪೊದ ಹೊರಗೆ ಕಾಪಿ ಮಾಡಿ ಇಟ್ಟುಕೊಳ್ಳಿ, ಪುಲ್ ಆದಮೇಲೆ ವಾಪಸ್ ಹಾಕಿ. ಯಾರದ್ದಾದರೂ ಫೈಲು ಬದಲಾಗಿ ಕಮಿಟ್ ಆಗದೆ ಇದ್ದರೆ, ಪುಲ್ ನಿಂತು ನಿಮ್ಮ ಬದಲಾವಣೆ ಹೋಗಿಬಿಡುತ್ತದೆ ಅಂತ ಎಚ್ಚರಿಸುತ್ತದೆ. ಅವರು ಕಾಪಿ ಇಟ್ಟುಕೊಂಡ ಮೇಲೆ 'ಗಿಟ್ ರಿಸ್ಟೋರ್' ಕೊಟ್ಟು ಆ ಫೈಲನ್ನು ಮೊದಲಿನ ಸ್ಥಿತಿಗೆ ತಂದು ಪುಲ್ ಮಾಡಬಹುದು. ಕಾಪಿ ಇಡದೆ ಪುಲ್ ಮಾಡಿ ಕಳೆದುಕೊಂಡವರಿಗೂ ದಾರಿ ಇದೆ. ತೆಗೆದ ಕಮಿಟ್‌ನ ಹಿಂದಿನ ಕಮಿಟ್‌ನಿಂದ 'ಗಿಟ್ ಶೋ' ಬಳಸಿ ಫೈಲನ್ನು ಎತ್ತಿಕೊಳ್ಳಬಹುದು. ಕಮಿಟ್ ಆಗಿದ್ದಷ್ಟು ಸಿಗುತ್ತದೆ.

ಇನ್ನೂ ಒಂದು ಬಲೆ ಇದೆ. ಎಲ್ಲ ಮುಗಿದು ಎರಡು ವಾರ ಆದಮೇಲೆ ಮಂಡ್ಯದ ಹುಡುಗಿ ಮತ್ತೆ ಕೇಳಿದಳು: "ಸರ್, ನಿನ್ನೆ ಇದ್ದ ಫೈಲು ಇವತ್ತು ಇಲ್ಲ. ಪುಲ್ ಕೂಡ ಮಾಡಿಲ್ಲ." ಅವಳು ನಡುವೆ ಒಂದು ಹಳೇ ಬ್ರಾಂಚಿಗೆ (ಅದೇ ಕೋಡಿನ ಬೇರೊಂದು ಕವಲು) ಹೋಗಿ ಬಂದಿದ್ದಳು. ಆ ಬ್ರಾಂಚಿನಲ್ಲಿ ಫೈಲು ಇನ್ನೂ ಟ್ರ್ಯಾಕ್ ಆಗಿತ್ತು. ಇಗ್ನೋರ್ ಆದ ಫೈಲನ್ನು ಗಿಟ್ ಬೆಲೆ ಇಲ್ಲದ್ದು ಅಂತ ತಿಳಿಯುತ್ತದೆ. ಹಳೇ ಬ್ರಾಂಚಿಗೆ ಹೋಗುವಾಗ ಅವಳ ಫೈಲಿನ ಮೇಲೆ ಹಳೆಯದನ್ನು ಕೇಳದೆ ಬರೆಯಿತು. ವಾಪಸ್ ಬರುವಾಗ ಅದನ್ನೂ ಅಳಿಸಿತು. ಆದ್ದರಿಂದ ಜೀವ ಇರುವ ಎಲ್ಲ ಬ್ರಾಂಚಿಗೂ ಈ ಬದಲಾವಣೆಯನ್ನು ಅದೇ ವಾರ ಮರ್ಜ್ ಮಾಡಿ. ಬೇಡದ ಬ್ರಾಂಚುಗಳನ್ನು ಮುಚ್ಚಿ.

ಇಂಟರ್‌ಪ್ರಿಟರ್ ಸಿಗುತ್ತಿಲ್ಲ

ಮೊದಲು ಹೇಳಿದ ಫೋನಿನ ದೋಷ ಇದೇ. ಇಂಟರ್‌ಪ್ರಿಟರ್ ಅಂದರೆ ಪೈಥಾನ್ ಕೋಡನ್ನು ಓದಿ ನಡೆಸುವ ಪ್ರೋಗ್ರಾಂ. ವಿಎಸ್ ಕೋಡ್‌ನಲ್ಲಾದರೆ ಸೆಟ್ಟಿಂಗ್ಸ್ ಫೈಲಿನಲ್ಲಿ 'ಪೈಥಾನ್.ಡೀಫಾಲ್ಟ್‌ಇಂಟರ್‌ಪ್ರಿಟರ್‌ಪಾತ್' ಅನ್ನುವ ಸಾಲು ಹುಡುಕಿ. ಅದರಲ್ಲಿ ಯಾರದ್ದೋ ಯೂಸರ್ ಫೋಲ್ಡರಿನ ಹೆಸರಿದ್ದರೆ ಅದೇ ಕಾರಣ. ಪ್ರಾಜೆಕ್ಟಿನ ಫೋಲ್ಡರನ್ನು ಸೂಚಿಸುವ 'ವರ್ಕ್‌ಸ್ಪೇಸ್‌ಫೋಲ್ಡರ್' ಅನ್ನುವ ವೇರಿಯಬಲ್ ಹಾಕಿ ಸರಿ ಮಾಡೋಣ ಅಂತ ನಾವೂ ಹೊರಟೆವು. ಅರ್ಧ ಮಾತ್ರ ಸರಿ ಆಯಿತು. ಲಿನಕ್ಸ್, ಮ್ಯಾಕ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್ (ಒಂದು ಪ್ರಾಜೆಕ್ಟಿಗೆಂದೇ ಬೇರೆ ಇಡುವ ಪೈಥಾನ್) ಒಳಗೆ 'ಬಿನ್' ಫೋಲ್ಡರ್, ವಿಂಡೋಸ್‌ನಲ್ಲಿ 'ಸ್ಕ್ರಿಪ್ಟ್ಸ್' ಫೋಲ್ಡರ್. ಒಂದೇ ಸಾಲು ಇಬ್ಬರಿಗೂ ಹೊಂದುವುದಿಲ್ಲ. ಕೊನೆಗೆ ಆ ಸಾಲನ್ನೇ ತೆಗೆದು, ಎಲ್ಲರೂ ಪ್ರಾಜೆಕ್ಟಿನೊಳಗೆ '.ವೆನ್ವ್' ಅನ್ನುವ ಒಂದೇ ಹೆಸರಿನಲ್ಲಿ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಬೇಕು ಅಂತ ಒಪ್ಪಿಕೊಂಡೆವು. ಆ ಹೆಸರನ್ನು ಎಡಿಟರ್ ತಾನೇ ಹುಡುಕಿಕೊಳ್ಳುತ್ತದೆ.

ಪೈಚಾರ್ಮ್‌ನ ಕಥೆ ಸ್ವಲ್ಪ ಬೇರೆ. ಅದು 'ಮಿಸ್ಕ್.ಎಕ್ಸ್‌ಎಂಎಲ್' ಮತ್ತು '.ಐಎಂಎಲ್' ಫೈಲುಗಳಲ್ಲಿ ಇಂಟರ್‌ಪ್ರಿಟರ್‌ನ ಹೆಸರನ್ನು ಬರೆಯುತ್ತದೆ. ಆ ಹೆಸರಿಗೆ ಅರ್ಥ ಇರುವುದು ಆಯಾ ಯಂತ್ರದಲ್ಲಿರುವ ಎಡಿಟರ್‌ನ ಸ್ವಂತ ಸೆಟ್ಟಿಂಗ್‌ನಲ್ಲಿ. ಹೆಸರು ಮಾತ್ರ ಪ್ರಯಾಣ ಮಾಡಿ ಅರ್ಥ ಹಿಂದೆ ಉಳಿದರೆ ಇಂಟರ್‌ಪ್ರಿಟರ್ ಸರಿಯಿಲ್ಲ ಅನ್ನುವ ಸಂದೇಶ ಬರುತ್ತದೆ. ಪೈಥಾನ್ ಪ್ರಾಜೆಕ್ಟಿನಲ್ಲಿ ಈ ಎರಡನ್ನೂ ಹೊರಗಿಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಜಾವಾದಲ್ಲಿ ಮೇವೆನ್ ಅಥವಾ ಗ್ರೇಡಲ್ ಬಳಸುತ್ತಿದ್ದರೆ '.ಐಎಂಎಲ್' ಅನ್ನು ಎಡಿಟರ್ ಮತ್ತೆ ತಾನೇ ಮಾಡಿಕೊಳ್ಳುತ್ತದೆ. ಅಲ್ಲೂ ಅದು ಬೇಡ.

ಒಂದು ಸಾಲು ಬದಲಿಸಿದೆ, ಇಡೀ ಫೈಲು ಕೆಂಪು-ಹಸಿರು

ಈ ದೋಷವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ನೋಡುತ್ತೇನೆ. ಕಾರಣ ಇದೆ.

ಒಂದು ಸಲ ತೂಕದ ಚೀಟಿ ಲೆಕ್ಕ ಹಾಕುವ ಫೈಲಿನಲ್ಲಿ ಒಬ್ಬರು ಸಣ್ಣ ಬದಲಾವಣೆ ಮಾಡಿದರು. ಉಳಿಸುವಾಗ ಅವರ ಎಡಿಟರ್ ಇಡೀ ಫೈಲನ್ನು ತನ್ನ ರೀತಿಯಲ್ಲಿ ಜೋಡಿಸಿತು. ಆರುನೂರು ಸಾಲು ಬದಲಾದ ಹಾಗೆ ಕಂಡಿತು. ಪರಿಶೀಲಿಸಬೇಕಾದವನು ನಾನು. ಬರೀ ಫಾರ್ಮ್ಯಾಟಿಂಗ್ ಅಂದುಕೊಂಡು ಒಪ್ಪಿಗೆ ಕೊಟ್ಟೆ. ಆ ಗದ್ದಲದ ನಡುವೆ ಖಾಲಿ ಗಾಡಿಯ ತೂಕ ಕಳೆಯುವ ಸಾಲು ತಪ್ಪಿಹೋಗಿತ್ತು. ಮಂಡ್ಯದ ಹತ್ತಿರ ಆಲೆಮನೆಯಲ್ಲಿ ಪರೀಕ್ಷೆಗೆ ಹಾಕಿದಾಗ ಅಲ್ಲಿನ ಹಿರಿಯರೊಬ್ಬರು ಚೀಟಿ ನೋಡಿ, "ಅಲ್ಲಪ್ಪ, ಗಾಡಿ ತೂಕ ಕಳೆದೇ ಇಲ್ವಲ್ಲ, ಗಾಡೀನೂ ಕಬ್ಬು ಅಂತ ಅರೀತೀರಾ?" ಅಂದರು. ಅವತ್ತು ಅದು ಪರೀಕ್ಷೆ ಆಗಿದ್ದರಿಂದ ಯಾರ ದುಡ್ಡೂ ಹೋಗಲಿಲ್ಲ.

ಪತ್ತೆ ಮಾಡುವ ಕ್ರಮ ಹೀಗಿದೆ. ಮೊದಲು 'ಗಿಟ್ ಡಿಫ್ --ಇಗ್ನೋರ್-ಸ್ಪೇಸ್-ಅಟ್-ಇಒಎಲ್' ಹೊಡೆಯಿರಿ. ಗದ್ದಲ ಪೂರ್ತಿ ಮಾಯ ಆದರೆ ಅದು ಸಾಲಿನ ಕೊನೆಯ ಗುರುತಿನ ದೋಷ. ವಿಂಡೋಸ್ ಸಾಲಿನ ಕೊನೆಗೆ ಎರಡು ಗುರುತು ಇಡುತ್ತದೆ, ಲಿನಕ್ಸ್ ಮತ್ತು ಮ್ಯಾಕ್ ಒಂದು. ಮಾಯ ಆಗದೆ, 'ಗಿಟ್ ಡಿಫ್ -ಡಬ್ಲ್ಯು' ಕೊಟ್ಟಾಗ ಮಾತ್ರ ಹೋದರೆ ಅದು ಟ್ಯಾಬ್ ಮತ್ತು ಸ್ಪೇಸ್ ಜಗಳ. ಎರಡಕ್ಕೂ ಹೋಗದಿದ್ದರೆ ಇಬ್ಬರ ಎಡಿಟರ್‌ನಲ್ಲಿ ಬೇರೆ ಬೇರೆ ಫಾರ್ಮ್ಯಾಟರ್ (ಕೋಡಿನ ಸಾಲುಗಳನ್ನು ತಾನೇ ಜೋಡಿಸುವ ಸಾಧನ) ಇದೆ.

ಸಾಲಿನ ಕೊನೆಯ ದೋಷವಾದರೆ 'ಗಿಟ್ ಎಲ್‌ಎಸ್-ಫೈಲ್ಸ್ --ಇಒಎಲ್' ನೋಡಿ. ಪ್ರತಿ ಫೈಲಿಗೂ ರೆಪೊದಲ್ಲಿ ಏನಿದೆ, ಡಿಸ್ಕಿನಲ್ಲಿ ಏನಿದೆ ಅಂತ ಪಕ್ಕಪಕ್ಕದಲ್ಲಿ ಬರುತ್ತದೆ. ಇದನ್ನು ಒಬ್ಬೊಬ್ಬರ ಯಂತ್ರದ 'ಆಟೋಸಿಆರ್‌ಎಲ್‌ಎಫ್' ಸೆಟ್ಟಿಂಗ್‌ಗೆ ಬಿಡಬೇಡಿ. ಅದು ಟವೆಲ್ ಹಾಗೆ, ಅವರವರದ್ದು. ಪ್ರಾಜೆಕ್ಟಿನ ಎಲ್ಲಕ್ಕಿಂತ ಹೊರಗಿನ ಫೋಲ್ಡರಿನಲ್ಲಿ '.ಗಿಟ್‌ಅಟ್ರಿಬ್ಯೂಟ್ಸ್' ಫೈಲು ಮಾಡಿ, ಎಲ್ಲ ಫೈಲಿಗೂ 'ಟೆಕ್ಸ್ಟ್=ಆಟೋ' ಅಂತ ಒಂದು ಸಾಲು ಬರೆಯಿರಿ. ಶೆಲ್ ಸ್ಕ್ರಿಪ್ಟ್‌ಗಳಿಗೆ 'ಇಒಎಲ್=ಎಲ್‌ಎಫ್', ಬ್ಯಾಟ್ ಫೈಲುಗಳಿಗೆ 'ಇಒಎಲ್=ಸಿಆರ್‌ಎಲ್‌ಎಫ್' ಸೇರಿಸಿ. ಆಮೇಲೆ 'ಗಿಟ್ ಆ್ಯಡ್ --ರೀನಾರ್ಮಲೈಸ್ .' ಅಂತ ಕೊನೆಗೆ ಚುಕ್ಕಿ ಸೇರಿಸಿ ಹೊಡೆದು ಅದೊಂದನ್ನೇ ಬೇರೆ ಕಮಿಟ್ ಮಾಡಿ. ಅದರ ಜೊತೆ ಕೋಡಿನ ಒಂದು ಅಕ್ಷರವನ್ನೂ ಬದಲಿಸಬೇಡಿ.

ಟ್ಯಾಬ್ ಮತ್ತು ಸ್ಪೇಸ್ ಜಗಳಕ್ಕೆ '.ಎಡಿಟರ್‌ಕಾನ್ಫಿಗ್' ಫೈಲು ಸಾಕು. ಬೇರೆ ಬೇರೆ ಎಡಿಟರ್‌ಗಳು ಓದಬಲ್ಲ ಸಣ್ಣ ಫೈಲು ಅದು. ಪೈಚಾರ್ಮ್, ವಿಷುವಲ್ ಸ್ಟುಡಿಯೋ ತಾವೇ ಓದುತ್ತವೆ. ವಿಎಸ್ ಕೋಡ್‌ಗೆ ಮಾತ್ರ ಎಕ್ಸ್‌ಟೆನ್ಶನ್ (ಎಡಿಟರ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಬೇಕು. ಇದು ಗೊತ್ತಿಲ್ಲದೆ 'ಕಾನ್ಫಿಗ್ ಹಾಕಿದ್ದೇನೆ, ಆದರೂ ಕೆಲಸ ಮಾಡ್ತಿಲ್ಲ' ಅಂತ ಒದ್ದಾಡಿದವರನ್ನು ನೋಡಿದ್ದೇನೆ.

ಫಾರ್ಮ್ಯಾಟರ್ ಜಗಳ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ. ಒಬ್ಬರದ್ದು ಆಟೋಪೆಪ್8, ಇನ್ನೊಬ್ಬರದ್ದು ಬ್ಲ್ಯಾಕ್. ಮೊದಲನೆಯದರ ಸಾಲಿನ ಮಿತಿ 79 ಅಕ್ಷರ, ಎರಡನೆಯದರದ್ದು 88. ಆದ್ದರಿಂದ 80ರಿಂದ 88 ಅಕ್ಷರದ ನಡುವಿನ ಸಾಲುಗಳು ಮಾತ್ರ ದಿನಾ ಮುರಿಯುತ್ತಿದ್ದವು, ದಿನಾ ಕೂಡುತ್ತಿದ್ದವು. ಬರೀ ಕೆಲವೇ ಸಾಲು ಹೀಗೆ ಓಲಾಡುತ್ತಿದ್ದರೆ ಮಿತಿಗಳನ್ನು ಹೋಲಿಸಿ ನೋಡಿ. ಪರಿಹಾರ ಎಡಿಟರ್‌ನಲ್ಲಿ ಇಲ್ಲ. ಒಂದೇ ಫಾರ್ಮ್ಯಾಟರ್ ಆರಿಸಿ ಅದರ ಸೆಟ್ಟಿಂಗನ್ನು 'ಪೈಪ್ರಾಜೆಕ್ಟ್.ಟಾಮಲ್' ಅಂಥ ಪ್ರಾಜೆಕ್ಟಿನ ಫೈಲಿನಲ್ಲಿ ಇಡಿ. ಆಗ ವಿಮ್ ಬಳಸುವವರಿಗೂ ಅದೇ ನಿಯಮ ಸಿಗುತ್ತದೆ.

ಇಡೀ ಕೋಡನ್ನು ಒಮ್ಮೆ ಫಾರ್ಮ್ಯಾಟ್ ಮಾಡಿದ ಮೇಲೆ, 'ಈ ಸಾಲು ಬರೆದವರು ಯಾರು' ಅಂತ ಗಿಟ್ ಬ್ಲೇಮ್‌ನಲ್ಲಿ ಕೇಳಿದರೆ ಎಲ್ಲ ಸಾಲಿಗೂ ಆ ಒಬ್ಬರ ಹೆಸರೇ ಬರುತ್ತದೆ. ಆ ಕಮಿಟ್‌ನ ಸಂಖ್ಯೆಯನ್ನು '.ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್' ಫೈಲಿನಲ್ಲಿ ಬರೆದು, ಗಿಟ್‌ನ 'ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್' ಸೆಟ್ಟಿಂಗ್‌ನಲ್ಲಿ ಆ ಫೈಲನ್ನು ತೋರಿಸಿ. 2019ರಲ್ಲಿ ಬಂದ ಗಿಟ್ 2.23ರಿಂದ ಇದು ಇದೆ. ಗಿಟ್‌ಹಬ್ ಕೂಡ ಈ ಹೆಸರಿನ ಫೈಲನ್ನು ಗುರುತಿಸುತ್ತದೆ.

ಬೇಕಾದ ಫೈಲೇ ತಂಡಕ್ಕೆ ಹೋಗುತ್ತಿಲ್ಲ

ಇದು ಮೊದಲಿನದರ ಉಲ್ಟಾ. ಒಳ್ಳೆಯ ಲಾಂಚ್ ಫೈಲು (ಪ್ರೋಗ್ರಾಂ ಹೇಗೆ ಶುರುವಾಗಬೇಕು ಅಂತ ಹೇಳುವುದು) ಮಾಡಿದಿರಿ, ಬೇರೆಯವರಿಗೆ ಸಿಗುತ್ತಿಲ್ಲ. ಗಿಟ್‌ಇಗ್ನೋರ್‌ನಲ್ಲಿ '.ವಿಎಸ್‌ಕೋಡ್/' ಅಂತ ಇಡೀ ಫೋಲ್ಡರ್ ಮುಚ್ಚಿ, ಕೆಳಗೆ ಆಶ್ಚರ್ಯಸೂಚಕ ಗುರುತಿನಿಂದ ಒಂದು ಫೈಲಿಗೆ ವಿನಾಯಿತಿ ಕೊಟ್ಟಿದ್ದೀರಿ. ಫೋಲ್ಡರ್ ಮುಚ್ಚಿದ ಮೇಲೆ ಗಿಟ್ ಅದರ ಒಳಗೆ ಇಣುಕಿಯೂ ನೋಡುವುದಿಲ್ಲ. ವಿನಾಯಿತಿಗೆ ಬೆಲೆ ಇಲ್ಲ. '.ವಿಎಸ್‌ಕೋಡ್/*' ಅಂತ ನಕ್ಷತ್ರ ಹಾಕಿ ಒಳಗಿನ ಫೈಲುಗಳನ್ನು ಮುಚ್ಚಿದರೆ ವಿನಾಯಿತಿ ಕೆಲಸ ಮಾಡುತ್ತದೆ. ಒಂದೇ ಅಕ್ಷರದ ವ್ಯತ್ಯಾಸ.

ಯಾವುದಕ್ಕೆ ವಿನಾಯಿತಿ? ನಾನಾದರೆ ಮೊದಲು ಎಕ್ಸ್‌ಟೆನ್ಶನ್ಸ್ ಫೈಲಿಗೆ ಕೊಡುತ್ತೇನೆ. ಹೊಸಬರು ಪ್ರಾಜೆಕ್ಟ್ ತೆರೆದ ಕೂಡಲೇ ಏನು ಬೇಕು ಅಂತ ಎಡಿಟರ್ ತಾನೇ ಹೇಳುತ್ತದೆ. ಯಾರಿಗೂ ಹತ್ತು ಸಲ ಫೋನ್ ಮಾಡಬೇಕಾಗಿಲ್ಲ. ಎಡಿಟರ್‌ಕಾನ್ಫಿಗ್‌ನ ಎಕ್ಸ್‌ಟೆನ್ಶನ್ ಕೂಡ ಇದರಲ್ಲೇ ಬರಲಿ.

ಅಕ್ಷರ ಸಣ್ಣದಾಯಿತು, ಬಣ್ಣ ಬದಲಾಯಿತು

ವಿಎಸ್ ಕೋಡ್‌ನಲ್ಲಿ ಪ್ರಾಜೆಕ್ಟಿನ ಸೆಟ್ಟಿಂಗ್ ನಿಮ್ಮ ಸ್ವಂತ ಸೆಟ್ಟಿಂಗನ್ನು ಮೀರುತ್ತದೆ. ಒಬ್ಬರು ಅಕ್ಷರದ ಗಾತ್ರ 11 ಅಂತ ಪ್ರಾಜೆಕ್ಟಿನ ಸೆಟ್ಟಿಂಗ್ಸ್‌ನಲ್ಲಿ ಬರೆದರೆ ಎಲ್ಲರಿಗೂ 11. ನಮ್ಮ ತಂಡದ ಹಿರಿಯರಿಗೆ ಕಣ್ಣಿನ ತೊಂದರೆ ಇದೆ, 18ರಲ್ಲಿ ಓದುತ್ತಾರೆ. ಎರಡು ದಿನ ಪರದೆಗೆ ಮುಖ ತಾಗಿಸಿ ಕೂತರೇ ಹೊರತು ಯಾರಿಗೂ ಹೇಳಲಿಲ್ಲ. ಗಾತ್ರ, ಬಣ್ಣ, ಕೀಲಿಯ ಶಬ್ದ, ಮಿನಿಮ್ಯಾಪ್ ಇವೆಲ್ಲ ಯೂಸರ್ ಸೆಟ್ಟಿಂಗ್‌ನಲ್ಲೇ ಇರಲಿ. ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಫೈಲಿಗೆ ಸಾಲು ಸೇರಿದರೆ ಕೋಡಿನಷ್ಟೇ ಗಮನ ಕೊಟ್ಟು ಪರಿಶೀಲಿಸಿ.

ವಿಮ್‌ನ ತಾತ್ಕಾಲಿಕ ಫೈಲು, ಮ್ಯಾಕ್‌ನ ಫೈಲು ಇಂಥವಕ್ಕೆ ಪ್ರತಿಯೊಬ್ಬರೂ ಸ್ವಂತ ಇಗ್ನೋರ್ ಪಟ್ಟಿ ಇಟ್ಟುಕೊಳ್ಳಬಹುದು. ಹೋಮ್ ಫೋಲ್ಡರಿನಲ್ಲಿ '.ಕಾನ್ಫಿಗ್/ಗಿಟ್/ಇಗ್ನೋರ್' ಅನ್ನುವ ಫೈಲನ್ನು ಗಿಟ್ ತಾನೇ ಓದುತ್ತದೆ. ಪ್ರಾಜೆಕ್ಟಿನ ಗಿಟ್‌ಇಗ್ನೋರ್‌ನಲ್ಲಿ ಎಡಿಟರ್ ಹೆಸರೇ ಬರಬಾರದು ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ನಿನ್ನೆ ಸೇರಿದವರಿಗೆ ಈ ಪಟ್ಟಿಯ ವಿಷಯ ಗೊತ್ತಿರುವುದಿಲ್ಲ. ಅವರನ್ನು ಕಾಪಾಡಲು ನಾಲ್ಕು ಸಾಲು ಪ್ರಾಜೆಕ್ಟಿನಲ್ಲೂ ಇದ್ದರೆ ಏನೂ ನಷ್ಟ ಇಲ್ಲ.

ಸ್ಟೇಟಸ್ ಖಾಲಿ, ಪುಲ್ ಮಾತ್ರ ಆಗುತ್ತಿಲ್ಲ

ಸ್ಟೇಟಸ್ ಏನೂ ಬದಲಾಗಿಲ್ಲ ಅನ್ನುತ್ತದೆ. ಪುಲ್ ಮಾಡಿದರೆ ನಿಮ್ಮ ಬದಲಾವಣೆ ಹೋಗಿಬಿಡುತ್ತದೆ ಅಂತ ನಿಲ್ಲುತ್ತದೆ. ಫೈಲಿನ ಬದಲಾವಣೆಯನ್ನು ನೋಡಬೇಡ ಅಂತ ಗಿಟ್‌ಗೆ ಹೇಳಲು ಯಾವತ್ತೋ 'ಸ್ಕಿಪ್-ವರ್ಕ್‌ಟ್ರೀ' ಅಥವಾ 'ಅಸ್ಯೂಮ್-ಅನ್‌ಚೇಂಜ್ಡ್' ಕೊಟ್ಟು ಮರೆತಿದ್ದೀರಿ. 'ಗಿಟ್ ಎಲ್‌ಎಸ್-ಫೈಲ್ಸ್ -ವಿ' ಹೊಡೆಯಿರಿ. ಹೆಸರಿನ ಮುಂದೆ ದೊಡ್ಡ 'ಎಸ್' ಇದ್ದರೆ ಮೊದಲನೆಯದು, ಸಣ್ಣ 'ಎಚ್' ಇದ್ದರೆ ಎರಡನೆಯದು. 'ಗಿಟ್ ಅಪ್‌ಡೇಟ್-ಇಂಡೆಕ್ಸ್' ಜೊತೆ ಅದೇ ಆಯ್ಕೆಗೆ 'ನೋ' ಸೇರಿಸಿ ಕೊಟ್ಟರೆ ಗುರುತು ಹೋಗುತ್ತದೆ.

ಲಾಂಚ್ ಫೈಲಿನಲ್ಲಿ ಪಾಸ್‌ವರ್ಡ್ ಸೇರಿಹೋಗಿದೆ

ಉಳಿದದ್ದೆಲ್ಲ ಬಿಟ್ಟು ಮೊದಲು ಪಾಸ್‌ವರ್ಡ್ ಬದಲಿಸಿ. ಫೈಲಿನಿಂದ ಅಳಿಸಿ ಹೊಸ ಕಮಿಟ್ ಮಾಡಿದರೆ ಹೋಗುವುದಿಲ್ಲ, ಹಳೇ ಕಮಿಟ್‌ಗಳಲ್ಲಿ ಇದ್ದೇ ಇರುತ್ತದೆ. 'ಫಿಲ್ಟರ್-ರೆಪೊ' ಬಳಸಿ ಇತಿಹಾಸದಿಂದಲೇ ತೆಗೆಯಬಹುದು. ಆದರೆ ಆಮೇಲೆ ಎಲ್ಲರೂ ಹೊಸದಾಗಿ ಕ್ಲೋನ್ ಮಾಡಬೇಕಾಗುತ್ತದೆ, ಅಂದರೆ ರೆಪೊದ ಪೂರ್ತಿ ಪ್ರತಿಯನ್ನು ಮತ್ತೆ ಇಳಿಸಿಕೊಳ್ಳಬೇಕು. ಮುಂದಕ್ಕೆ ಗುಟ್ಟುಗಳನ್ನೆಲ್ಲ '.ಎನ್ವ್' ಫೈಲಿನಲ್ಲಿಟ್ಟು ಅದನ್ನು ಇಗ್ನೋರ್ ಮಾಡಿ, ಲಾಂಚ್ ಫೈಲಿನಲ್ಲಿ 'ಎನ್ವ್‌ಫೈಲ್' ಅಂತ ಅದರ ಜಾಗ ಮಾತ್ರ ತೋರಿಸಿ.

ಸರಿ ಹೋಯಿತಾ ಅಂತ ನೋಡುವುದು

ಖಾಲಿ ಫೋಲ್ಡರಿನಲ್ಲಿ ಹೊಸದಾಗಿ ಕ್ಲೋನ್ ಮಾಡಿ. ಒಂದು ವಿಂಡೋಸ್, ಒಂದು ಲಿನಕ್ಸ್ ಯಂತ್ರದಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ತಂಡದಲ್ಲಿ ಯಾವ ಯಾವ ಎಡಿಟರ್ ಇದೆಯೋ ಎಲ್ಲದರಲ್ಲೂ ಒಂದೊಂದು ಸಲ ತೆರೆಯಿರಿ. ಪ್ರೋಗ್ರಾಂ ರನ್ ಮಾಡಿ, ಒಂದು ಕೋಡ್ ಫೈಲನ್ನು ಏನೂ ಬದಲಿಸದೆ ಉಳಿಸಿ, ಎಡಿಟರ್ ಮುಚ್ಚಿ. ಈಗ ಗಿಟ್ ಸ್ಟೇಟಸ್ ಪೂರ್ತಿ ಖಾಲಿ ಬರಬೇಕು. ಒಂದು ಹೆಸರು ಬಂದರೂ ಆ ಫೈಲನ್ನು ತೆರೆದು ಮೊದಲ ಭಾಗದ ಪ್ರಶ್ನೆ ಕೇಳಿ.

ಈ ಪರೀಕ್ಷೆಯನ್ನು ನಮ್ಮಲ್ಲಿ ಈಗ ಆ ಮಂಡ್ಯದ ಹುಡುಗಿಯೇ ಮಾಡುತ್ತಾಳೆ. ಹೊಸಬರು ಸೇರುವ ಹಿಂದಿನ ದಿನ, ತನ್ನ ಉಬುಂಟುವಿನಲ್ಲಿ ಒಮ್ಮೆ, ಮನೆಯಲ್ಲಿರುವ ವಿಂಡೋಸ್ ಯಂತ್ರದಲ್ಲಿ ಒಮ್ಮೆ.